ಹಿರಿಯರೇ, ಸಾಕ್ಷಿ ಹೇಳಲು ಬನ್ನಿ

ನಿಡಸೋಸಿಯ, ಹಾಗೆಯೇ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಎಲ್ಲ ಹಿರಿಯರೇ,

ದಕ್ಷಿಣ ಆಫ್ರಿಕಾ ತನ್ನಲ್ಲಿಯ ಭಾರತೀಯರನ್ನು ಕೀಳಾಗಿ ಕಾಣುತ್ತಿದೆ ಎಂದು 1946ರಲ್ಲಿ ವಿಶ್ವಸಂಸ್ಥೆಗೆ ದೂರು ಒಯ್ದದ್ದು ನಮ್ಮ ದೇಶ. 2001ರಲ್ಲಿ ಅದೇ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ, ಜಾತಿಯ ಮಾತು ಇಲ್ಲಿ ಬೇಡ ಎಂದದ್ದೂ ನಮ್ಮ ದೇಶವೇ. ನಮ್ಮ ಕಟ್ಟೆಗಳ ಮೇಲೂ ಇದೇ ನ್ಯಾಯ: ‘ಊರ ಮಾತು ಊರಾಗ ಇರಲಿ, ಠಾಣೆಗೆ ಯಾಕ ಹೋಗ್ತಿ?’

ಕಾನೂನಿಗೆ ನಮ್ಮಲ್ಲಿ ಬರವಿಲ್ಲ. ವರ್ಣಭೇದ ಕಳೆದ ಮೇಲೆ ದಕ್ಷಿಣ ಆಫ್ರಿಕಾ ಸಮಾನತೆಯ ಸಂವಿಧಾನ ಅಂಗೀಕರಿಸಿದ್ದು 1996ರಲ್ಲಿ. ಅಸ್ಪೃಶ್ಯತೆಯನ್ನು ಅಳಿಸಿದ ನಮ್ಮ 17ನೇ ವಿಧಿ 1950ರಿಂದ ಇದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದು. ಆದರೂ 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿ ಎಂಬ ಹಳ್ಳಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಬಾಗಿಲು ದಲಿತರಿಗೆ ಮುಚ್ಚಿತ್ತು; ಪ್ರಶ್ನಿಸಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅಲ್ಲಿ ಸಾಕ್ಷಿ ನಿಂತಿತು. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು, ಅದು ಬೇರೆ ಮಾತು. ಸಾಕ್ಷಿಯಾಗಿ ಹತ್ತು ವರ್ಷ ಕೋರ್ಟಿಗೆ ಅಲೆದು, ಆಡಿದ ಮಾತಿಗೆ ಕಟ್ಟುಬಿದ್ದು ನಿಲ್ಲುವುದೆಂದರೇನು, ಯೋಚಿಸಿ.

ನಮ್ಮ ಸೀಮೆಯದೇ ಒಂದು ಊರು, ಹೆಸರು ಬೇಡ. ಹುಡುಗನೊಬ್ಬ ಕ್ಷೌರದಂಗಡಿಯ ಬಾಗಿಲಿಗೆ ಬರುತ್ತಾನೆ. ಕುರ್ಚಿ ಖಾಲಿ ಇದೆ. ಅಂಗಡಿಯವ ಅರಿವೆ ಝಾಡಿಸುತ್ತ, ಮುಖ ನೋಡದೆ, ‘ಇವತ್ತ ಬಂದ್ ಐತಿ, ಸಂಕೇಶ್ವರಕ್ಕ ಹೋಗಪಾ’ ಎನ್ನುತ್ತಾನೆ. ಬಾಕಿನ ಮೇಲೆ ಪೇಪರ್ ಹಿಡಿದು ಕೂತ ಯಜಮಾನರು ಪುಟ ತಿರುವುತ್ತಾರೆ. ಹುಡುಗ ಹೋದ ಮೇಲೆ ಅದೇ ಕುರ್ಚಿಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಾರೆ.

ಅಂಗಡಿಯವನಿಗೆ ಗಿರಾಕಿಗಳ ಅಂಜಿಕೆ. ಆ ಗಿರಾಕಿ ನೀವು. ಸಮಗಾರ ಶರಣ ಹರಳಯ್ಯನ ಕಥೆ ಕೇಳುವಾಗ ಕಣ್ಣೊರೆಸಿಕೊಳ್ಳುವವರೂ ನೀವೇ; ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಅದಕ್ಕೇ ಬೇಡುತ್ತಿದ್ದೇನೆ: ‘ಮೊದಲ ಆ ಹುಡುಗಗ ಮಾಡು, ನಾ ಕೂಡ್ತೀನಿ’ ಅನ್ನಿ. ಮಾತು ಠಾಣೆ ಮುಟ್ಟಿದರೆ ಕಂಡದ್ದನ್ನು ಹೇಳಿಕೆಯಲ್ಲಿ ಬರೆಸಿ. ಕೋರ್ಟಿನ ಸಮನ್ಸ್ ಬಂದ ದಿನ ಹೊಲದ ಕೆಲಸ ಬಿಟ್ಟು ಹೋಗಿ. ಸಾಕ್ಷಿಗಳಿಗೆ ರಕ್ಷಣೆ, ಪ್ರಯಾಣದ ಖರ್ಚು ಕೊಡಬೇಕೆಂದು ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮು 2016ರಿಂದ ಹೇಳುತ್ತಿದೆ. ಅದನ್ನು ಕೇಳಿ ಪಡೆಯಿರಿ.

ನಿಮ್ಮ ಸೀಮೆಯವನೇ ಒಬ್ಬ