ನಿಂತ ಕಾಲಿನ ಲೆಕ್ಕ

ಕೈ ಮಾಡಿದ ಕಸರತ್ತಿಗೆ ಚಪ್ಪಾಳೆ ತಟ್ಟುವುದೂ ಕೈಯೇ. ವಾದಿಯೂ ಅವನೇ, ನ್ಯಾಯಾಧೀಶನೂ ಅವನೇ ಆದ ಮೇಲೆ ಕಾಲಿಗೆ ನ್ಯಾಯ ಸಿಗುವುದಾದರೂ ಹೇಗೆ? ಆಟದ ವಿಷಯದಲ್ಲಿ ನಾವೆಲ್ಲ ಕೈ ಪಕ್ಷದವರು. ರಾಜಕೀಯದ ಮಾತಲ್ಲ, ಬುಗುರಿಯ ಮಾತು.

ರಾಯಚೂರಿನಿಂದ ಮಂತ್ರಾಲಯದ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಊರು ಗಿಲ್ಲೆಸುಗೂರು. ಅಲ್ಲಿ ಗುಡಿ ಮುಂದಿನ ಕಟ್ಟೆಯ ಮೇಲೆ ಕೂತರೆ ಈ ಪಕ್ಷಪಾತ ಕಣ್ಣಿಗೇ ಕಾಣುತ್ತದೆ. ಒಂದು ಕಡೆ ಹುಡುಗನೊಬ್ಬ ಬುಗುರಿಗೆ ಚಾಟಿ ಸುತ್ತುತ್ತಾನೆ. ಮೊಳೆಯ ಬುಡದಿಂದ ಶುರುಮಾಡಿ, ಸುತ್ತಿಗೆ ಸುತ್ತು ತಾಗಿಸಿ, ಮೇಲಕ್ಕೇರಿಸಿ, ಚಾಟಿಯ ತುದಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ರಪ್ಪನೆ ಬೀಸುತ್ತಾನೆ. ಬುಗುರಿ ನೆಲಕ್ಕೆ ಬಿದ್ದು ಗುಂಯ್ ಎನ್ನುವಷ್ಟರಲ್ಲಿ ಎರಡು ಬೆರಳ ಸಂದಿಯಿಂದ ಅದನ್ನು ಅಂಗೈಗೆ ಹತ್ತಿಸಿಕೊಳ್ಳುತ್ತಾನೆ. ಸುತ್ತ ನೆರೆದ ಹುಡುಗರ ಕಣ್ಣೆಲ್ಲ ಆ ಅಂಗೈ ಮೇಲೆ. ನಾಲ್ಕು ಮಾರು ಆಚೆ ಹುಡುಗಿಯರು ಇದ್ದಿಲಿನಿಂದ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿರುತ್ತಾರೆ. ಅತ್ತ ನೋಡುವವರೇ ಇಲ್ಲ.

ಇಬ್ಬರ ಜಗಳವೂ ಒಮ್ಮೆ ಕಟ್ಟೆಯ ಮೇಲಿದ್ದ ಹಿರಿಯರ ಮುಂದೆ ಬಂತು.

"ತಾತ, ಕೈಯಾಗ ಬುಗುರಿ ಆಡ್ಸೋದು ದೊಡ್ಡದೋ, ಕಾಲಾಗ ಬಿಲ್ಲೆ ದೂಡೋದು ದೊಡ್ಡದೋ, ನೀನ ಹೇಳು."

ತಾತ ಬೀಡಿ ಆರಿಸಿ ಬಹಳ ಹೊತ್ತು ಯೋಚಿಸಿದರು. "ನನಗ ಈಗ ಸುಮ್ನ ನಿಂದ್ರೋದ ದೊಡ್ಡ ಆಟ ಆಗ್ಯದಪ್ಪ" ಅಂದರು.

ಹುಡುಗರು ನಕ್ಕು ಓಡಿದರು. ತಾತ ತೀರ್ಪು ಕೊಟ್ಟಾಗಿತ್ತು. ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ.

ಮೊದಲು ಕೈಯ ಭಾಗ್ಯ ನೋಡಿ. ಒಂದು ಕೈಯಲ್ಲಿ 27 ಮೂಳೆ, ಒಂದು ಪಾದದಲ್ಲಿ 26. ಬರೀ ಒಂದರ ವ್ಯತ್ಯಾಸ. ಆದರೆ ಮಿದುಳಿನೊಳಗಿನ ಪಾಲಿನ ಕಥೆ ಬೇರೆ. 1937ರಲ್ಲಿ ಮಾಂಟ್ರಿಯಲ್‌ನ ವೈದ್ಯ ಪೆನ್‌ಫೀಲ್ಡ್ ತಮ್ಮ ಸಹೋದ್ಯೋಗಿ ಬೋಲ್ಡ್ರೆ ಜೊತೆ ಸೇರಿ, ಮಿದುಳಿನ ಯಾವ ಜಾಗ ದೇಹದ ಯಾವ ಭಾಗವನ್ನು ಆಳುತ್ತದೆ ಎಂಬ ನಕ್ಷೆ ಪ್ರಕಟಿಸಿದರು. ಅದರಲ್ಲಿ ಕೈಗೂ ಮುಖಕ್ಕೂ ಸಿಕ್ಕ ಜಾಗ ವಿಪರೀತ, ಕಾಲಿಗೆ ಸಿಕ್ಕಿದ್ದು ಮೂಲೆಯಲ್ಲಿ ಚೂರು. ದೊಡ್ಡಣ್ಣ ಕಾಲುವೆ ನೀರು ಹರಿಯುವ ಗದ್ದೆಯನ್ನೆಲ್ಲ ಬರೆಸಿಕೊಂಡು ತಮ್ಮನಿಗೆ ಒಣ ಬೆದ್ದಲು ಬಿಟ್ಟ ಹಾಗೆ. ಸಾಲದ್ದಕ್ಕೆ ಕೈ ಕಣ್ಣಿನ ಎದುರಿಗೇ ಇರುತ್ತದೆ. ಕಾಲು ದೂರ, ಮಿದುಳಿನ ಅಪ್ಪಣೆ ಅಲ್ಲಿಗೆ ತಲುಪುವುದೂ ಒಂದು ಚೂರು ತಡ.

ಆಟಿಕೆಗಳೂ ಕೈಗೇ ಒಲಿದಿವೆ. ನಾಗರಪಂಚಮಿಗೆ ನಮ್ಮ ಕಡೆಯ ಮಕ್ಕಳು ಕೊಬ್ಬರಿ ಬಟ್ಟಲಿಗೆ ತೂತು ಹಾಕಿ, ದಾರ ಪೋಣಿಸಿ, ಗಿರಗಿರ ತಿರುಗಿಸುತ್ತಾರೆ. ಬೇಸರವಾದರೆ ತಿಂದುಬಿಡಬಹುದಾದ ಆಟಿಕೆ ಲೋಕದಲ್ಲಿ ಬೇರೆ ಎಷ್ಟಿವೆಯೋ ಕಾಣೆ! ಚನ್ನಪಟ್ಟಣದವರು ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಕೂಡಿಸುವ ಬುಗುರಿಯಾಗಲಿ, ಅಂಗಡಿಯ ಯೋ-ಯೋ ಆಗಲಿ, ಎಲ್ಲದರಲ್ಲೂ ಕೈಗೆ ಒಬ್ಬ ಸಹಾಯಕ ಇದ್ದೇ ಇರುತ್ತಾನೆ. ದಾರ ಎಳೆದುಕೊಡುತ್ತದೆ, ವೇಗ ನಿಲ್ಲಿಸಿಕೊಡುತ್ತದೆ. ಬುಗುರಿ ಒಮ್ಮೆ ತಿರುಗತೊಡಗಿದರೆ ತನ್ನ ಸಮತೋಲ ತಾನೇ ನೋಡಿಕೊಳ್ಳುತ್ತದೆ. ಹುಡುಗನ ಕೆಲಸ ಅದಕ್ಕೆ ಅಂಗೈ ಒಡ್ಡುವುದು, ಮುಖದಲ್ಲಿ ಗತ್ತು ತರುವುದು. ಅಷ್ಟು ಕಲಿಯುವ ಮೊದಲು ಅವನ ಬುಗುರಿಯೂ ವೃತ್ತದೊಳಗೆ ಮಲಗಿ ಊರವರ ಗುನ್ನ ತಿಂದಿರುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಕಾಲು. ಅಮೆರಿಕದ ಓರೆಗನ್‌ನಲ್ಲಿ 1972ರ ಸುಮಾರಿಗೆ ಇಬ್ಬರು ಗೆಳೆಯರು ಕಾಳು ತುಂಬಿದ ಪುಟ್ಟ ಚೀಲವನ್ನು ನೆಲಕ್ಕೆ ಬೀಳದಂತೆ ಕಾಲಲ್ಲೇ ಚಿಮ್ಮುತ್ತ ಒಂದು ಆಟ ಹುಟ್ಟಿಸಿದರು. ಅದು ಬೆಳೆದು ಫುಟ್‌ಬ್ಯಾಗ್ ಎಂಬ ಕ್ರೀಡೆಯಾಯಿತು. ಆ ಆಟಗಾರರು ಕಾಲಿನ ಕಷ್ಟಕ್ಕೆ ಲೆಕ್ಕವನ್ನೇ ಇಟ್ಟಿದ್ದಾರೆ. ಚೀಲವನ್ನು ಪಾದದ ಮೇಲೆ ತಡೆದು ನಿಲ್ಲಿಸಿದರೆ ಒಂದು ಅಂಕ, ಅದು ಗಾಳಿಯಲ್ಲಿರುವಾಗಲೇ ಸುತ್ತ ಕಾಲು ಸುತ್ತಿಸಿದರೆ ಇನ್ನೊಂದು, ಒಂದು ಕಾಲಿನ ಹಿಂದಿನಿಂದ ಮತ್ತೊಂದು ಕಾಲು ತಂದು ಹಿಡಿದರೆ ಮಗದೊಂದು. ಏಷ್ಯಾದಲ್ಲಿ ಕಾಲಿನಲ್ಲೇ ವಾಲಿಬಾಲ್ ಆಡುವ ಸೆಪಕ್ ತಕ್ರಾ ಇದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡ ಅದರಲ್ಲಿ ಕಂಚು ಗೆದ್ದಿತು. ಅಂದು ಅದು ಸುದ್ದಿಯಾದದ್ದು ಎಷ್ಟು ಜನರಿಗೆ ನೆನಪಿದೆ? ಕಾಲಿನ ಹಣೆಬರಹವೇ ಅಷ್ಟು.

ಆದರೆ ಫುಟ್‌ಬ್ಯಾಗಿನವರ ಅಂಕಪಟ್ಟಿಯಲ್ಲೂ ತಾತ ಹೇಳಿದ್ದು ಬಿಟ್ಟುಹೋಗಿದೆ. ಕೈ ಆಡುವಾಗ ಕೈಗೆ ಬೇರೆ ಕೆಲಸವಿಲ್ಲ. ಕಾಲು ಹಾಗಲ್ಲ, ಅದು ಮೊದಲೇ ನೌಕರಿಯಲ್ಲಿದೆ. ದೇಹದ ಅಷ್ಟೂ ಭಾರ ಹೊತ್ತು ನಿಂತಿದೆ. ಒಂದು ಕಾಲು ಆಟಕ್ಕೆ ಎದ್ದರೆ ಅದರ ಪಾಲಿನ ಭಾರವೂ ಇನ್ನೊಂದರ ಮೇಲೆ ಬೀಳುತ್ತದೆ. ನೋಡುವವರೆಲ್ಲ ಎದ್ದ ಕಾಲನ್ನು ಹೊಗಳುತ್ತಾರೆ, ನಿಂತ ಕಾಲನ್ನು ಕೇಳುವವರಿಲ್ಲ.

ಈಗ ಕುಂಟಾಬಿಲ್ಲೆಗೆ ಬನ್ನಿ. ಹುಡುಗಿ ಹಂಚಿನ ಚೂರನ್ನು ಮನೆಯೊಳಗೆ ಎಸೆಯುತ್ತಾಳೆ, ಒಂದು ಕಾಲೆತ್ತಿ ಕುಂಟುತ್ತ ಹೋಗುತ್ತಾಳೆ. ಎತ್ತಿದ ಕಾಲು ಇಲ್ಲಿ ಯಾವ ಕೆಲಸಕ್ಕೂ ಇಲ್ಲ, ನೆಲ ಮುಟ್ಟಿದರೆ ಔಟ್. ಬಿಲ್ಲೆಯನ್ನು ದೂಡಬೇಕಾದದ್ದು ಕುಂಟುವ ಕಾಲೇ. ನಿಲ್ಲುವುದೂ ಅದೇ, ನೆಗೆಯುವುದೂ ಅದೇ, ನೆಗೆದ ಆ ಗಳಿಗೆಯಲ್ಲೇ ಹಂಚಿನ ಚೂರನ್ನು ಮುಂದಿನ ಮನೆಗೆ ಚಿಮ್ಮುವುದೂ ಅದೇ. ಚೂರು ಗೆರೆಯ ಮೇಲೆ ಕೂರಬಾರದು, ಪಾದ ಗೆರೆ ತುಳಿಯಬಾರದು. ಎಳೆದು ವಾಪಸ್ ತರುವ ದಾರವಿಲ್ಲ. ಇಷ್ಟೂ ಮುಗಿದರೆ ಕೊನೆಗೆ ಬಿಲ್ಲೆಯನ್ನು ಪಾದದ ಮೇಲಿಟ್ಟುಕೊಂಡು, ಆಕಾಶ ನೋಡುತ್ತ, "ರೈಟಾ?" ಎಂದು ಕೇಳುತ್ತ ಗೆರೆ ತುಳಿಯದೆ ಮನೆ ದಾಟಬೇಕು. ಅಲ್ಲಿಗೆ ಕಣ್ಣಿನ ಸಹಾಯವೂ ಹೋಯಿತು. ಇದನ್ನೆಲ್ಲ ಆಕೆ ಜಡೆ ಹಾರಿಸಿಕೊಂಡು, ಮಧ್ಯೆ ಗೆಳತಿಯ ಜೊತೆ ಜಗಳವನ್ನೂ ಆಡುತ್ತ ಮಾಡುತ್ತಾಳೆ.

ಎರೆಭೂಮಿಯ ನಮ್ಮ ಸೀಮೆಯಲ್ಲಿ ಮಳೆ ಬಿದ್ದರೆ ಕಾಲಿಗೆ ಮಣ್ಣು ಮೆತ್ತುತ್ತದೆ, ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ. ಬುಗುರಿಗೂ ಬಿಲ್ಲೆಗೂ ಆಸರೆ ಗುಡಿಯ ಮುಂದಿನ ಗಟ್ಟಿ ನೆಲ ಒಂದೇ. ಈಗ ಓಣಿಗೆಲ್ಲ ಸಿಮೆಂಟ್ ರಸ್ತೆ ಬಂದಿದೆ. ಬುಗುರಿಗೆ ಹಬ್ಬ, ಆದರೆ ಗೆರೆ ಎಳೆಯುವಷ್ಟರಲ್ಲಿ ಬೈಕ್ ಬರುತ್ತದೆ.

ನನ್ನ ತೀರ್ಪು ಇಷ್ಟು. ಕೈಯ ಆಟಕ್ಕೆ ಒಂದು ಅಂಕ. ಕಾಲಿನ ಆಟಕ್ಕೆ ಎರಡು, ಅದರಲ್ಲಿ ಎರಡನೆಯದು ನಿಂತ ಕಾಲಿಗೆ ಸೇರತಕ್ಕದ್ದು. ಕುಂಟಾಬಿಲ್ಲೆಯಲ್ಲಿ ಎರಡು ಅಂಕವೂ ಒಂದೇ ಕಾಲಿಗೆ. ಒಪ್ಪದವರು ವಾದಕ್ಕೆ ಬರಬೇಕಾಗಿಲ್ಲ. ಅಂಗಳಕ್ಕಿಳಿದು ಒಂದು ಹಂಚಿನ ಚೂರು ಹುಡುಕಿಕೊಳ್ಳಲಿ. ನಲವತ್ತು ದಾಟಿದವರು ಮಾತ್ರ ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಗೋಡೆ ಇದೆಯೋ ಇಲ್ಲವೋ ಮೊದಲು ನೋಡಿಕೊಳ್ಳಬೇಕು.