ಹಳೇ ಎಂಟ್ನೂರು ಮೀಟರ್

ಹೊಸದುರ್ಗದಂಥ ಊರಲ್ಲಿ ಇವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೆಂಗಿನಕಾಯಿ ಮಂಡಿಯಲ್ಲೋ, ಗೊಬ್ಬರದಂಗಡಿಯ ಗಲ್ಲಾ ಹಿಂದೆಯೋ, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲೋ ಒಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಬೆಲ್ಟು ದಾಟಿದೆ. ಟೀ ಬರುವಷ್ಟರಲ್ಲಿ ಮಾತು ಅಲ್ಲಿಗೇ ಬಂದಿರುತ್ತದೆ: “ಕಾಲೇಜಲ್ಲಿ ನಾವು ಎಂಟ್ನೂರು ಮೀಟರ್ ಓಡ್ತಿದ್ವಿ ಕಣ್ರೀ.” ಆಗ ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಕೆಳಗಿದ್ದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿ ಅತ್ತ ಸೇರಿಕೊಂಡವು. ಅಂದಿನ ಕ್ರೀಡಾಕೂಟದ ಫಲಿತಾಂಶದ ಹಾಳೆಯನ್ನು ಈಗ ಯಾರೂ ಹುಡುಕಿ ತೆಗೆಯಲಾರರು. ಇವರಿಗೆ ಅದೇ ಅನುಕೂಲ.

ಮೊದಲು ಹೇಳುತ್ತಿದ್ದ ಟೈಮಿಂಗ್ ಎರಡು ನಿಮಿಷ ಎಂಟು ಸೆಕೆಂಡು. ಮದುವೆಯಾದ ಮೇಲೆ ಎರಡು ನಿಮಿಷ ನಾಲ್ಕಕ್ಕೆ ಇಳಿಯಿತು. ಮಗ ಹೈಸ್ಕೂಲ್ ಸೇರಿದ ವರ್ಷ ಸರಿಯಾಗಿ ಎರಡು ನಿಮಿಷ. ಇದೇ ಓಟವನ್ನು ನಮ್ಮ ದೇಶದ ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ 1:45.77ಕ್ಕೆ ಓಡಿ ಏಳನೆಯವರಾದರು. ಆ ರಾಷ್ಟ್ರೀಯ ದಾಖಲೆಯಿಂದ ಒಂದು ಸೆಕೆಂಡಿನ ನೂರರಲ್ಲಿ ಹನ್ನೆರಡು ಭಾಗ ಇಳಿಸಲು 2018ರಲ್ಲಿ ಜಿನ್ಸನ್ ಜಾನ್ಸನ್ ಬರಬೇಕಾಯಿತು. ದೇಶ 42 ವರ್ಷ ಕಾದಿತ್ತು. ನಮ್ಮವರು ಕುರ್ಚಿ ಬಿಟ್ಟು ಏಳದೆ ಎಂಟು ಸೆಕೆಂಡು ಇಳಿಸಿಕೊಂಡಿದ್ದಾರೆ.

ಇವರು ಮತ್ತೆ ಮೈದಾನಕ್ಕೆ ಬರುವುದು ಕ್ರೀಡಾಪ್ರೇಮದಿಂದ ಅಂದುಕೊಳ್ಳಬೇಡಿ. ಶುಗರ್ ರಿಪೋರ್ಟು ಕಳಿಸಿರುತ್ತದೆ. ಆದರೆ ಡಾಕ್ಟರು ಹೇಳಿದ್ದು ವಾಕಿಂಗು. ಎಂಟ್ನೂರು ಮೀಟರ್ ಓಡಿದವರು ಮುದುಕರ ಜೊತೆ ಕೈ ಬೀಸಿಕೊಂಡು ನಡೆಯುವುದುಂಟೆ? ಅಟ್ಟದ ಮೇಲಿನ ಸ್ಪೈಕ್ಸ್ ಇಳಿಯುತ್ತದೆ. ಮೊಳೆಗಳು ತುಕ್ಕು ಹಿಡಿದಿವೆ, ಅಟ್ಟೆ ಕೈಯಲ್ಲೇ ಬರುತ್ತದೆ. ಸರಿ, ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟು, ಎದೆಬಡಿತ ಎಣಿಸುವ ವಾಚು. ಮನೆಯವರು ಬಿಲ್ಲು ನೋಡಿ, ಇಪ್ಪತ್ತು ವರ್ಷ ಬಿಟ್ಟಿದ್ದು ಈಗ ಯಾಕ್ರೀ ಅಂದರೆ ಇವರ ಬಳಿ ಉತ್ತರ ಸಿದ್ಧ: “ಮಾರಿಕಣಿವೆ ಡ್ಯಾಮು 1933ರಲ್ಲಿ ಕೋಡಿ ಬಿದ್ದಿದ್ದು, 89 ವರ್ಷ ಬಿಟ್ಟು 2022ರಲ್ಲಿ ಮತ್ತೆ ಬೀಳಲಿಲ್ವಾ?” ಅದು ತುಂಬಿದಾಗ ಹಿನ್ನೀರಲ್ಲಿ ಯಾರ್‍ಯಾರ ತೋಟ ಮುಳುಗಿತು ಅನ್ನುವುದನ್ನೂ ಆಕೆ ನೆನಪಿಸುತ್ತಾರೆ. ಇವರು ಅಷ್ಟರಲ್ಲಿ ಲೇಸು ಕಟ್ಟುತ್ತಿರುತ್ತಾರೆ.

ಬೆಳಗಿನ ಐದೂವರೆಗೆ ಮೈದಾನ ಆಗಲೇ ಹುಡುಗರ ಕೈಯಲ್ಲಿರುತ್ತದೆ. ಕಾನ್ಸ್‌ಟೇಬಲ್ ಆಗಬೇಕಾದವರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಮಿಲಿಟರಿ ರ್‍ಯಾಲಿಯಲ್ಲಿ ಪೂರ್ತಿ ಅಂಕ ಬೇಕೆಂದರೆ ಐದೂವರೆಯೊಳಗೆ. ಇನ್ನೂರು ಮೀಟರಿನ ಸುಣ್ಣದ ಗೆರೆಯ ಮೇಲೆ ಎಂಟೆಂಟು ಸುತ್ತು ಹೊಡೆಯುತ್ತಿರುತ್ತಾರೆ, ಮಾತಿಲ್ಲ ಕತೆಯಿಲ್ಲ. ನಮ್ಮವರು ಗೆರೆಯ ಪಕ್ಕ ನಿಂತು ತೊಡೆ ತಟ್ಟಿಕೊಳ್ಳುತ್ತಾರೆ. “ಆರೂವರೆ ನಿಮಿಷ ಅಂದ್ರೆ ಅದು ಓಟ ಏನ್ರೋ? ನಮ್ ಕಾಲದಲ್ಲಿ ಅದು ವಾರ್ಮ್ ಅಪ್ಪು.”

ಹುಡುಗರು ಒಳ್ಳೆಯವರು. “ಓಡಿ ತೋರ್ಸಣ್ಣ” ಅನ್ನುತ್ತಾರೆ.

ಮೊದಲ ಸುತ್ತು ನಿಜಕ್ಕೂ ಚೆನ್ನಾಗಿರುತ್ತದೆ. ಮೊಣಕೈ ಪಕ್ಕೆಗೆ ಒತ್ತಿದೆ, ಗದ್ದ ಎತ್ತಿದೆ, ಹಳೇ ಹೆಜ್ಜೆ ಎಲ್ಲೂ ಹೋಗಿಲ್ಲ. ಎರಡನೆಯ ಸುತ್ತಿನ ತಿರುವಿನಲ್ಲಿ ಬಾಯಿ ತೆರೆಯುತ್ತದೆ. ಅಲ್ಲಿಂದ ಮುಂದೆ ಮೊಣಕಾಲು ಮೇಲೇಳುವುದನ್ನು ನಿಲ್ಲಿಸಿ, ಭುಜ ಕಿವಿಯ ಕಡೆ ಹೊರಡುತ್ತದೆ. ಮಧ್ಯಮ ದೂರದ ಓಟದ ಅನ್ಯಾಯ ಇದೇ: ನೋಡಲು ವೇಗದ ಆಟ, ಆದರೆ ಎಂಟ್ನೂರಕ್ಕೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಸಿರಿನಿಂದಲೇ ಬರಬೇಕು. ತರಬೇತಿ ಬಿಟ್ಟ ಎರಡು ಮೂರು ವಾರದಲ್ಲೇ ಮೈಯ ರಕ್ತದ ಪ್ರಮಾಣ ತಗ್ಗಿ ಆ ಉಸಿರು ಕರಗಲು ಶುರುವಾಗುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಾಕುವುದು ಬೇಡ. ಅಷ್ಟರಲ್ಲಿ ಹಿಂದಿನಿಂದ ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿರುವ ಹುಡುಗಿಯೊಬ್ಬಳ ದನಿ: “ಸ್ವಲ್ಪ ಸೈಡ್ ಬಿಡಿ ಅಂಕಲ್.” ಮೂರನೆಯ ಸುತ್ತು ಮುಗಿಯುವ ಮೊದಲೇ ಇವರು ಬಗ್ಗಿ ಲೇಸು ಕಟ್ಟಲು ಕೂರುತ್ತಾರೆ. ಲೇಸು ಬಿಚ್ಚಿರುವುದಿಲ್ಲ.

“ಗಾಳಿ ಎದುರು ಜಾಸ್ತಿ ಕಣ್ರೋ,” ಅನ್ನುತ್ತಾರೆ ಎದ್ದು. ಹೊಸದುರ್ಗದ ಸುತ್ತ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳೇ ಇರುವಾಗ ಈ ಮಾತನ್ನು ತಳ್ಳಿಹಾಕುವ ಧೈರ್ಯ ಯಾರಿಗಿದೆ!

ಆದರೂ ಇವರು ಮರುದಿನ ಬರುತ್ತಾರೆ. ಈ ಜಾತಿಯವರನ್ನು ಮೆಚ್ಚಬೇಕಾದದ್ದು ಇಲ್ಲೇ. ಒಂದೂವರೆ ತಿಂಗಳಲ್ಲಿ ಎದೆ ಮಾತು ಕೇಳತೊಡಗುತ್ತದೆ. ಅಪಾಯವೂ ಆಗಲೇ ಶುರು. ಹೃದಯ, ಶ್ವಾಸಕೋಶ ಬೇಗ ಹದಕ್ಕೆ ಬರುತ್ತವೆ, ಹಿಮ್ಮಡಿಯ ಸ್ನಾಯುರಜ್ಜು ಮತ್ತು ಮೊಣಕಾಲ ಕೆಳಗಿನ ಮೂಳೆ ತಿಂಗಳುಗಟ್ಟಲೆ ಹಿಂದೆ ಉಳಿಯುತ್ತವೆ. ಉಸಿರು ಸಿಕ್ಕಿತೆಂದು ಸ್ಪೀಡು ಹಾಕಿದವರು ಮೀನಖಂಡಕ್ಕೆ ಮುಲಾಮು ತಿಕ್ಕಿಕೊಂಡು ವಾರ ಪೂರ್ತಿ ಕುಂಟುತ್ತಾರೆ. ಮೈದಾನಕ್ಕೆ ಬರುವ ಪಿ.ಟಿ. ಮೇಷ್ಟ್ರು “ಮಾತಾಡ್ಕೊಂಡು ಓಡೋಷ್ಟು ನಿಧಾನಕ್ಕೆ ಓಡ್ರಿ” ಅನ್ನುತ್ತಾರೆ. ಅದೊಂದು ಸಲಹೆ ಇವರಿಗೆ ಸಲೀಸು. ಅರ್ಧ ಗಂಟೆ ಓಡಿದರೆ ಒಂದು ಇಡೀ ಅಂತರಕಾಲೇಜು ಕ್ರೀಡಾಕೂಟವನ್ನು ಹೇಳಿ ಮುಗಿಸುತ್ತಾರೆ.

ಹೀಗಿರುವಾಗ ಯಾರೋ ಮಾಸ್ಟರ್ಸ್ ಅಥ್ಲೆಟಿಕ್ಸ್ ಬಗ್ಗೆ ಹೇಳುತ್ತಾರೆ. ಅಲ್ಲಿ ಐದೈದು ವರ್ಷಕ್ಕೊಂದು ಗುಂಪು. ನಲವತ್ನಾಲ್ಕರವರು ನಲವತ್ತರವರ ಜೊತೆ ಏದುಸಿರು ಬಿಡಬೇಕು. ನಲವತ್ತೈದು ತುಂಬಿದರೆ ಮುಂದಿನ ಗುಂಪಿನಲ್ಲಿ ಅವರೇ ಎಳೆಯರು. ಅಂದಿನಿಂದ ಇವರ ನಡತೆ ಬದಲಾಗುತ್ತದೆ. ತಲೆಗೆ ಬಣ್ಣ ಹಚ್ಚಿಕೊಂಡು ಮೂವತ್ತೆಂಟು ಅನ್ನುತ್ತಿದ್ದವರು ಈಗ ಕಂಡಕಂಡವರ ಹತ್ತಿರ ತಮ್ಮ ವಯಸ್ಸು ಹೇಳುತ್ತಾರೆ. ಒಂದನೇ ತರಗತಿಗೆ ಸೇರಿಸುವಾಗ ಹೆಡ್‌ಮಾಸ್ಟರು ಎಲ್ಲ ಮಕ್ಕಳಿಗೂ ಜೂನ್ ಒಂದು ಎಂದು ಬರೆದದ್ದರಿಂದ ತನಗೆ ಒಂದು ವರ್ಷ ಜಾಸ್ತಿಯಾಯಿತು, ರಿಟೈರ್ಮೆಂಟಿಗೆ ಪೆಟ್ಟು ಬಿತ್ತು ಎಂದು ಬೈದುಕೊಂಡೇ ಬಂದವರು. ತಾಯಿ ಈಗಲೂ “ಹುಟ್ಟಿದ್ದು ಮಾರನೇ ವರ್ಷದ ನಾಗರಪಂಚಮಿ ಎದುರಿಗೆ ಕಣೋ, ನಂಗೊತ್ತಿಲ್ವಾ?” ಅನ್ನುತ್ತಾರೆ. “ನೀನು ಸುಮ್ನಿರಮ್ಮ,” ಎಂದು ಇವರು ಟಿ.ಸಿ.ಯ ಎರಡು ಕಾಪಿ ಜೆರಾಕ್ಸ್ ಮಾಡಿಸಿಕೊಂಡು ಬರಲು ಪೇಟೆಗೆ ಹೊರಡುತ್ತಾರೆ, ಬೈಕಿನಲ್ಲಿ.