ಒಂದು ಇಪ್ಪತ್ತರ ಸುಮುಹೂರ್ತ

ನಡುರಾತ್ರಿ ಕಳೆದು 1 ಗಂಟೆ 20 ನಿಮಿಷಕ್ಕೆ ಸರಿಯಾಗಿ ಕಾರ್ಯ ಶುರುವಾಗಲಿ ಎಂದು ಹೇಳುವ ಧೈರ್ಯ ನಮ್ಮ ಕಡೆಯ ಜೋಯಿಸರಿಗೆ ಸುಲಭಕ್ಕೆ ಬರುವುದಿಲ್ಲ. ಎಂಥ ಅವಸರದಲ್ಲೂ ಬ್ರಾಹ್ಮೀ ಮುಹೂರ್ತದ ತನಕ ಮಲಗಲು ಬಿಡುತ್ತಾರೆ. ಅಮೆಜಾನ್‌ನವರಿಗೆ ಅಂಥ ಅಳುಕಿಲ್ಲ. 2021ರ ಆರಂಭದಲ್ಲಿ ಷಿಕಾಗೊದ ಪಾರ್ಸೆಲ್ ಕೇಂದ್ರವೊಂದಕ್ಕೆ ಬೀಗ ಜಡಿಯಲು ಹೊರಟವರು ಅಲ್ಲಿನ ಕೆಲಸಗಾರರಿಗೆ ಹೊಸ ಮುಹೂರ್ತ ಇಟ್ಟುಕೊಟ್ಟರು: ಕೆಲಸ ಬೇಕಿದ್ದರೆ ಬೇರೆ ಕೇಂದ್ರಕ್ಕೆ ಬನ್ನಿ, ರಾತ್ರಿ 1.20ಕ್ಕೆ ಆರಂಭ, ಹಗಲು 11.50ಕ್ಕೆ ಮಂಗಳ. ಪಾಳಿಯ ಹೆಸರು ‘ಮೆಗಾಸೈಕಲ್’.

ಲೆಕ್ಕ ಸರಳ. ರಾತ್ರಿ ಲಾರಿಗಳು ಬರುತ್ತವೆ. ಡಬ್ಬಗಳನ್ನು ಇಳಿಸಬೇಕು, ಸ್ಕ್ಯಾನ್ ಮಾಡಬೇಕು, ಯಾವ ಬೀದಿಯದು ಯಾವ ಚೀಲಕ್ಕೆ ಎಂದು ವಿಂಗಡಿಸಿ ಬೆಳಗಿನ ವ್ಯಾನುಗಳಿಗೆ ಸಿದ್ಧಮಾಡಬೇಕು. ಇಷ್ಟಕ್ಕೆ ಬೇರೆ ಬೇರೆ ಹೊತ್ತಿನ ಪಾಳಿಗಳೇಕೆ? ಎಲ್ಲ ಸೇರಿಸಿ ಹತ್ತೂವರೆ ಗಂಟೆಯ ಒಂದೇ ಪಾಳಿ ಮಾಡಿದರೆ ಮುಗಿಯಿತು. ಮಲಗುವ ಮುಂಚೆ ಮೊಬೈಲ್ ಕವರ್ ಬೇಕೆನಿಸಿದವನಿಗೆ ಅದು ಬೇಗ ಸಿಗುತ್ತದೆ. ಅವನ ನಿದ್ದೆಗೆ ಭಂಗವಿಲ್ಲ. ಬೆಳಗ್ಗೆ ಏಳಕ್ಕೆ ಮಕ್ಕಳನ್ನು ಎಬ್ಬಿಸಿ ಶಾಲೆಗೆ ಕಳಿಸುವವರು ಯಾರು, ಒಂಬತ್ತಕ್ಕೆ ಇನ್ನೊಂದು ನೌಕರಿ ಇದ್ದವರು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಸ್ಕ್ಯಾನರಿನಲ್ಲಿ ಬಟನ್ ಇಲ್ಲ.

ಕಂಪನಿಯ ಕಷ್ಟವನ್ನೂ ನೋಡಬೇಕಲ್ಲ! ಹಿಂದಿನ ವರ್ಷ, ಅಂದರೆ 2020ರಲ್ಲಿ, ಅದಕ್ಕೆ ಉಳಿದ ನಿವ್ವಳ ಲಾಭ ಬರೀ 2,100 ಕೋಟಿ ಡಾಲರ್ ಚಿಲ್ಲರೆ. ಅಂಥ ಬಡತನದಲ್ಲಿ ಷಿಕಾಗೊದ ಕೆಲಸಗಾರರು 2021ರ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟು ಹೊರನಡೆದರು. ಕೇಳಿದ್ದೇನು? ಈ ಅಪರಾತ್ರಿ ಪಾಳಿಗೆ ಗಂಟೆಗೆ ಎರಡು ಡಾಲರ್ ಹೆಚ್ಚು, ಹೋಗಿಬರಲು ಬಾಡಿಗೆ ಕಾರು. ದುರಾಸೆಗೂ ಒಂದು ಮಿತಿ ಬೇಡವೇ.

ಗೋದಾಮಿನಲ್ಲಿ ಸ್ವಾತಂತ್ರ್ಯಕ್ಕೇನೂ ಕೊರತೆಯಿಲ್ಲ ಅನ್ನಿ. ಪಾರ್ಸೆಲ್ ಕಡಿಮೆ ಬಂದ ದಿನ, ಇಷ್ಟವಿದ್ದವರು ಮನೆಗೆ ಹೋಗಬಹುದು. ಆ ಇಷ್ಟಕ್ಕೆ ಸಂಬಳವಿಲ್ಲ. ಜಾಸ್ತಿ ಬಂದಾಗ ಹೆಚ್ಚುವರಿ ಗಂಟೆ ಕಡ್ಡಾಯ; ಆಗ ಇಷ್ಟ ಕೇಳುವವರಿಲ್ಲ.

ಅಮೆಜಾನ್ ಪಾರ್ಸೆಲ್ ಏರಿದ್ದಕ್ಕೆ ನಿದ್ದೆ ಕಿತ್ತುಕೊಂಡರೆ, ಪಾರ್ಸೆಲ್ ಸಾಗಿಸುವ ಕಂಪನಿ ಯುಪಿಎಸ್ ಅದೇ ಪಾರ್ಸೆಲ್ ಬೇಡವೆಂದು ಕೆಲಸ ಕಿತ್ತುಕೊಂಡಿತು. ಅಮೆಜಾನ್ ಅತಿ ದೊಡ್ಡ ಗಿರಾಕಿ ಹೌದು, ಅತಿ ಲಾಭದ ಗಿರಾಕಿಯಲ್ಲ ಎಂದು ಅದಕ್ಕೆ ಜ್ಞಾನೋದಯವಾಗಿ, 2025ರ ಜನವರಿಯಲ್ಲಿ ಆ ಸರಕನ್ನು ಅರ್ಧಕ್ಕಿಂತ ಹೆಚ್ಚು ಇಳಿಸುವುದಾಗಿ ಸಾರಿತು. ಏಪ್ರಿಲ್‌ನಲ್ಲಿ 20,000 ಕೆಲಸ ಮತ್ತು 73 ಕಟ್ಟಡಗಳ ಸರದಿ. ಹಗಲಿನ ವಿಂಗಡಣೆ ಪಾಳಿಗೆ ಕೆಲವು ಊರುಗಳಲ್ಲಿ ಅದಕ್ಕೂ ಮೊದಲೇ ತಿಲತರ್ಪಣವಾಗಿತ್ತು. ಯೋಜನೆಯ ಹೆಸರು ಮಾತ್ರ ‘ಭವಿಷ್ಯದ ಜಾಲ’. ಭವಿಷ್ಯ ಯಾರದ್ದು ಎಂದು ಕೇಳಬಾರದು, ಜಾಲ ಎಂಬುದು ಸ್ಪಷ್ಟವಾಗಿಯೇ ಇದೆ.

ಯುಪಿಎಸ್‌ನಲ್ಲಿ ಟೀಮ್‌ಸ್ಟರ್ಸ್ ಎಂಬ ಗಟ್ಟಿ ಕಾರ್ಮಿಕ ಸಂಘವಿದೆ. ಪಾಳಿಗೆ ಬಂದ ಅರೆಕಾಲಿಕನಿಗೆ ಕನಿಷ್ಠ ಮೂರೂವರೆ ಗಂಟೆಯ ಕೂಲಿ ಕೊಡಲೇಬೇಕೆಂದು ಅದು ಒಪ್ಪಂದದಲ್ಲಿ ಬರೆಸಿಕೊಂಡಿದೆ. ಆಡಳಿತದವರು ಆ ಸಾಲನ್ನು ಬಹಳ ಗೌರವದಿಂದ ಓದಿರಬೇಕು. ಮೂರೂವರೆ ಗಂಟೆಯನ್ನು ಮೂರು ಮಾಡುವ ಹಾಗಿಲ್ಲ. ಪಾಳಿಯನ್ನೇ ಎತ್ತಿಬಿಟ್ಟರೆ ಅದರಲ್ಲಿ ಎಷ್ಟು ಗಂಟೆ ಎಂದು ಕೇಳುವವರು ಯಾರು?